ಫ್ಲ್ಯಾಶ್ ಹಾಕಬೇಡಿ ಅಂದಾಗ ಯಾವ ಲೆನ್ಸ್?



ಯುಗಾದಿಯೋ ರಾಜ್ಯೋತ್ಸವವೋ ಮುಗಿದು ಫೋಟೋಗಳು ಎಲ್ಲರನ್ನೂ ತಲುಪಿದ ಮೇಲೆ ನನಗೆ ಬರುವ ಪ್ರಶ್ನೆ ಯಾವಾಗಲೂ ಒಂದೇ: "ನಿಮ್ಮದು ಯಾವ ಕ್ಯಾಮೆರಾ?" ಕ್ಯಾಮೆರಾ ಹಳೆಯದು, ಹೇಳಿಕೊಳ್ಳುವಂಥದ್ದೇನೂ ಅಲ್ಲ. ಅದರ ಮೂಗಿನ ಮೇಲೆ ಕೂತಿರುವ ಪುಟ್ಟ ಲೆನ್ಸ್ ಯಾವುದು ಅಂತ ಯಾರೂ ಕೇಳುವುದಿಲ್ಲ. ಕೇಳಿದ್ದರೆ, ಎರಡು ಸಾವಿರ ಡಾಲರಿನ ಹೊಸ ಕ್ಯಾಮೆರಾ ಕೊಳ್ಳಲು ಹೊರಟವರನ್ನು ಒಂದಿಬ್ಬರನ್ನಾದರೂ ತಡೆಯುತ್ತಿದ್ದೆ. ಆದ್ದರಿಂದ ಕೇಳದಿದ್ದರೂ ಹೇಳಿಬಿಡುತ್ತೇನೆ.

ನೋಡಿ, ನಾವು ಇಲ್ಲಿ ಬೇಕಾದ ಫೋಟೋಗಳನ್ನು ತೆಗೆಯುವುದೆಲ್ಲ ಹೆಚ್ಚುಕಮ್ಮಿ ಕತ್ತಲಲ್ಲೇ. ಡಿಸೆಂಬರ್ ಮೊದಲ ವಾರ ನ್ಯೂಯಾರ್ಕ್-ನ್ಯೂಜೆರ್ಸಿ ಕಡೆ ಸಂಜೆ ನಾಲ್ಕೂವರೆಗೇ ಸೂರ್ಯ ಮುಳುಗಿರುತ್ತಾನೆ. ದೀಪಾವಳಿಯ ಹಣತೆ, ಬೇಸ್‌ಮೆಂಟಿನಲ್ಲಿ ಸತ್ಯನಾರಾಯಣ ಪೂಜೆ, ಹೈಸ್ಕೂಲ್ ಆಡಿಟೋರಿಯಂನಲ್ಲಿ ಮಕ್ಕಳ ನಾಟಕ, ಯಾರದೋ ಮಗಳ ರಂಗಪ್ರವೇಶ. ಕಾರ್ಯಕ್ರಮಕ್ಕೆ ಮುಂಚೆ ಮೈಕಿನಲ್ಲಿ ಪ್ರಕಟಣೆ ಇದ್ದೇ ಇರುತ್ತದೆ: ದಯವಿಟ್ಟು ಫ್ಲ್ಯಾಶ್ ಹಾಕಬೇಡಿ. ಸರಿಯಾದ ಮಾತೇ. ಕ್ಯಾಮೆರಾ ಜೊತೆ ಬರುವ ಫ್ಲ್ಯಾಶಿನ ಬೆಳಕು ಮೂರು ನಾಲ್ಕು ಮೀಟರ್ ಹೋದರೆ ಹೆಚ್ಚು. ಹತ್ತನೇ ಸಾಲಿನಿಂದ ಹೊಡೆದರೆ ಬೆಳಗುವುದು ಒಂಬತ್ತನೇ ಸಾಲಿನವರ ಬೋಳುತಲೆ ಮಾತ್ರ!

ಕ್ಯಾಮೆರಾ ಕೊಂಡಾಗ ಸಾಮಾನ್ಯವಾಗಿ 18-55 ಎಂಎಂ ಜೂಮ್ ಲೆನ್ಸ್ ಜೊತೆಗೆ ಬರುತ್ತದೆ. ಅದನ್ನು 50ರ ಹತ್ತಿರ ಎಳೆದಾಗ ಅದರ ಕಣ್ಣು ಎಫ್ 5.6ಕ್ಕಿಂತ ದೊಡ್ಡದಾಗಿ ತೆರೆಯುವುದಿಲ್ಲ. ಈ ಎಫ್ ಸಂಖ್ಯೆ ಅಂದರೆ ಇಷ್ಟೇ: ಲೆನ್ಸಿನ ಫೋಕಲ್ ಲೆಂತ್ ಭಾಗಿಸು ತೂತಿನ ವ್ಯಾಸ. 50 ಎಂಎಂನಲ್ಲಿ ಎಫ್ 5.6 ಅಂದರೆ ಸುಮಾರು 9 ಮಿಲಿಮೀಟರ್ ತೂತು, ಎಫ್ 1.8 ಅಂದರೆ ಸುಮಾರು 28. ವ್ಯಾಸ ಮೂರು ಪಟ್ಟಾದರೆ ವಿಸ್ತೀರ್ಣ ಒಂಬತ್ತು ಪಟ್ಟಿಗೂ ಹೆಚ್ಚು. ಸೆಕೆಂಡಿನ ಇಪ್ಪತ್ತನೇ ಒಂದು ಭಾಗ ಶಟರ್ ತೆರೆದಿಡಬೇಕಾದ ಕಡೆ ಇನ್ನೂರನೇ ಒಂದು ಭಾಗ ಸಾಕಾಗುತ್ತದೆ. ಮೊದಲನೆಯದರಲ್ಲಿ ಮಗಳ ಹಸ್ತಮುದ್ರೆ ಬರೀ ಮಸುಕು, ಎರಡನೆಯದರಲ್ಲಿ ಬೆರಳು ಬೆರಳೂ ಎಣಿಸಬಹುದು. ಇಂಥ ಲೆನ್ಸಿಗೆ "ಫಾಸ್ಟ್" ಅನ್ನುವುದು ಇದಕ್ಕೇ. ಜೂಮ್ ಇಲ್ಲದ, ಒಂದೇ ಫೋಕಲ್ ಲೆಂತಿನ ಲೆನ್ಸ್ "ಪ್ರೈಮ್".

ಜೂಮಿನಲ್ಲಿ ಸ್ಟೆಬಿಲೈಸೇಷನ್ ಇದೆಯಲ್ಲ ಅಂತ ಕೆಲವರು ವಾದಿಸುತ್ತಾರೆ. ಅದು ನಿಮ್ಮ ಕೈ ನಡುಕವನ್ನು ತಡೆಯುತ್ತದೆ, ಕುಣಿಯುವ ಹುಡುಗಿಯನ್ನಲ್ಲ. ಇನ್ನು ಫೋನು. ಅದರಲ್ಲೂ ಎಫ್ 1.8 ಅಂತ ಬರೆದಿರುತ್ತದೆ, ನಿಜ. ಆದರೆ ಫೋನಿನ ಸೆನ್ಸರ್ ಬಹಳ ಚಿಕ್ಕದು, ಒಟ್ಟು ಸೇರುವ ಬೆಳಕು ಕಡಿಮೆ. ಆ ಕೊರತೆ ತುಂಬಲು ಅದು ಹಲವು ಚಿತ್ರಗಳನ್ನು ಒಂದರ ಮೇಲೊಂದು ಪೇರಿಸುತ್ತದೆ. ಅಲುಗಾಡದ ರಂಗೋಲಿಗೆ ಅದು ಸೊಗಸು, ತಿಲ್ಲಾನಕ್ಕೆ ಸಾಲದು.

ಇಷ್ಟು ಒಳ್ಳೆಯದು ಇಷ್ಟು ಅಗ್ಗ ಹೇಗೆ? ಇದರ ಮೂಲ ವಿನ್ಯಾಸ ನೂರು ವರ್ಷಕ್ಕೂ ಹಳೆಯದು. ಜೈಸ್ ಕಂಪನಿಯ ಪೌಲ್ ರುಡಾಲ್ಫ್ 1896ರಲ್ಲಿ ರೂಪಿಸಿದ ಪ್ಲಾನಾರ್ ಲೆನ್ಸಿನ ಮೊಮ್ಮಕ್ಕಳು ಇವೆಲ್ಲ. ಆರೇಳು ಗಾಜು, ಜೂಮಿನ ಯಂತ್ರ ಇಲ್ಲ, ತಯಾರಾಗುವುದು ಲಕ್ಷಗಟ್ಟಲೆ.

ಅಸಲು ಪ್ರಶ್ನೆ 35 ಎಂಎಂ ಕೊಳ್ಳಬೇಕೋ, 50 ಎಂಎಂ ಕೊಳ್ಳಬೇಕೋ ಅನ್ನುವುದು. ಎಲ್ಲರೂ ಕಣ್ಣು ಮುಚ್ಚಿ "ಫಿಫ್ಟಿ" ಅನ್ನುತ್ತಾರೆ. ನಾನು ಒಪ್ಪುವುದಿಲ್ಲ. ನೀವು ಎಲ್ಲಿ ಕೂರುತ್ತೀರಿ ಅನ್ನುವುದರ ಮೇಲೆ ಅದು ನಿಂತಿದೆ. ನಮ್ಮಲ್ಲಿ ಅನೇಕರ ಹತ್ತಿರ ಇರುವ ಎಪಿಎಸ್-ಸಿ ಸೆನ್ಸರಿನ ಕ್ಯಾಮೆರಾದಲ್ಲಿ, 50 ಎಂಎಂ ಹಾಕಿ ಮೂರು ಮೀಟರ್ ದೂರದಿಂದ ನೋಡಿದರೆ ಚೌಕಟ್ಟಿನ ಅಗಲ ಸುಮಾರು 1.4 ಮೀಟರ್ ಮಾತ್ರ. ಅಪಾರ್ಟ್‌ಮೆಂಟಿನ ಲಿವಿಂಗ್ ರೂಮಿನಲ್ಲಿ ಬೆನ್ನು ಗೋಡೆಗೆ ತಾಗಿದರೂ ಅಜ್ಜಿ ಬಂದರೆ ಮೊಮ್ಮಗು ಬರುವುದಿಲ್ಲ. 35ರಲ್ಲಿ ಸುಮಾರು ಎರಡು ಮೀಟರ್ ಸಿಗುತ್ತದೆ. ವೇದಿಕೆಯಿಂದ ಹತ್ತು ಮೀಟರ್ ದೂರ ಕೂತರೆ 50 ಎಂಎಂನಲ್ಲಿ ಸುಮಾರು ನಾಲ್ಕೂವರೆ ಮೀಟರ್ ಅಗಲ, ಒಬ್ಬ ನರ್ತಕಿಗೂ ಅವಳ ಸುತ್ತಿನ ಜಾಗಕ್ಕೂ ಸರಿ. ಅಲ್ಲಿಂದಲೇ ಮುಖಭಾವ ಹಿಡಿಯಬೇಕಾದರೆ 85 ಎಂಎಂ ಬೇಕು, ಬೆಲೆ ಮೇಲೇರುತ್ತದೆ. ಒಂದು ಕಾಸೂ ಖರ್ಚಿಲ್ಲದ ಪರೀಕ್ಷೆ ಇದೆ: ಇರುವ ಜೂಮನ್ನು ಒಂದು ವಾರಾಂತ್ಯ 35ಕ್ಕೆ, ಮುಂದಿನ ವಾರಾಂತ್ಯ 50ಕ್ಕೆ ತಿರುಗಿಸಿ ಟೇಪ್ ಅಂಟಿಸಿಬಿಡಿ. ಯಾವ ವಾರ ಕಡಿಮೆ ಬೈದುಕೊಂಡಿರಿ ನೋಡಿ.

ನನ್ನ ಮಟ್ಟಿಗೆ ಮನೆಯ ಲೆನ್ಸೇ ಮೊದಲು. 2012ರ ಚಳಿಗಾಲ ನಮ್ಮ ತಂದೆ ಆರು ತಿಂಗಳಿಗೆಂದು ಎಡಿಸನ್‌ಗೆ ಬಂದಿದ್ದರು. ಒಂದು ಸಂಜೆ ಟೇಬಲ್ ಲ್ಯಾಂಪ್ ಬೆಳಕಿನಲ್ಲಿ ಕಾರ್ಪೆಟ್ ಮೇಲೆ ಕೂತು ಮೊಮ್ಮಗಳಿಗೆ ಚೌಕಾಬಾರ ಕಲಿಸುತ್ತಿದ್ದರು. ನಿಕಾನ್ 35 ಎಂಎಂ, ಎಫ್ 2, ಐಎಸ್‌ಒ 1600. ಫ್ಲ್ಯಾಶ್ ಹೊಡೆದಿದ್ದರೆ ಇಬ್ಬರೂ ತಲೆಯೆತ್ತಿ ಹಲ್ಲು ಬಿಡುತ್ತಿದ್ದರು, ಆಟ ಅಲ್ಲಿಗೇ ಮುಗಿಯುತ್ತಿತ್ತು. ಅವರಿಗೆ ಗೊತ್ತೇ ಆಗಲಿಲ್ಲ. ಅಪ್ಪ ಮತ್ತೆ ಬರಲಾಗಲಿಲ್ಲ. ಮೈಸೂರಿನ ಮನೆಯಲ್ಲಿ ಅಮ್ಮ ಗೋಡೆಗೆ ಹಾಕಿಸಿಕೊಂಡದ್ದು ಸ್ಟುಡಿಯೋ ಫೋಟೋ ಅಲ್ಲ, ಕವಡೆ ಕೈಯಲ್ಲಿ ಹಿಡಿದ ಆ ಚಿತ್ರ. ಊರಿನಿಂದ ಹಿರಿಯರು ಬಂದಿರುವ ಮನೆಯವರಿಗೆ ಈ ಲೆನ್ಸ್ ಇಂದೇ ತನ್ನಿ ಅಂತ ಒತ್ತಾಯ ಮಾಡುವುದು ಅದಕ್ಕೇ.

ಮೈಸೂರು ಅಂದಾಗ ನೆನಪಾಯಿತು. ಅಲ್ಲಿಯವರೇ ಆದ ಛಾಯಾಗ್ರಾಹಕ ವಿ.ಕೆ. ಮೂರ್ತಿಯವರು ಗುರುದತ್ತರ "ಕಾಗಜ್ ಕೆ ಫೂಲ್" (1959) ಚಿತ್ರಕ್ಕೆ ಕನ್ನಡಿ ಹಿಡಿದು ಬಿಸಿಲನ್ನೇ ಸ್ಟುಡಿಯೋ ಒಳಕ್ಕೆ ತಂದವರು. ನಾವು ಅಷ್ಟು ಮಾಡಬೇಕಿಲ್ಲ, ಅಜ್ಜಿಯ ಕುರ್ಚಿಯನ್ನು ಎರಡಡಿ ಕಿಟಕಿಯ ಕಡೆಗೆ ಸರಿಸಿದರೆ ಸಾಕು.

ಇನ್ನು ಎಚ್ಚರಿಕೆ. ಎಫ್ 1.8ರಲ್ಲಿ ಫೋಕಸ್ ಆಗುವ ಆಳ ಬಹಳ ತೆಳು. ಎಪಿಎಸ್-ಸಿಯಲ್ಲಿ 50 ಎಂಎಂ ಹಾಕಿ ಎರಡು ಮೀಟರ್‌ನಿಂದ ತೆಗೆದರೆ ಸುಮಾರು 11 ಸೆಂಟಿಮೀಟರ್, ಒಂದು ಮೀಟರ್‌ನಿಂದ ಎರಡೂವರೆ ಮಾತ್ರ. ಕಣ್ಣು ಸ್ಪಷ್ಟ, ಕಿವಿ ಮಸುಕು. ಒಬ್ಬರಿಗೆ ಚೆಂದ, ಎರಡು ಸಾಲು ನೆಂಟರಿಗೆ ಎಫ್ 4ಕ್ಕೆ ಬನ್ನಿ. ವೇದಿಕೆಯಲ್ಲಿ ನೃತ್ತಕ್ಕೆ 1/250, ಅಭಿನಯಕ್ಕೆ 1/125 ಇಟ್ಟುಕೊಂಡು ಐಎಸ್‌ಒ ಧೈರ್ಯವಾಗಿ 3200ರವರೆಗೆ ಏರಿಸಿ. ಮಸುಕಿಗಿಂತ ಮರಳುಮರಳು ಚಿತ್ರ ಎಷ್ಟೋ ಮೇಲು. ಹಿಂದಿನ ಕಪ್ಪು ಪರದೆಗೆ ಮೀಟರ್ ಮೋಸಹೋಗಿ ಮುಖ ಸುಣ್ಣ ಬಳಿದಂತಾಗುತ್ತದೆ, ಎಕ್ಸ್‌ಪೋಶರ್ ಒಂದು ಸ್ಟಾಪ್ ಇಳಿಸಿ.

ಯಾವುದು ಕೊಳ್ಳುವುದು? ಕ್ಯಾನನ್ ಹಳೆಯ ಡಿಎಸ್‌ಎಲ್‌ಆರ್ ಇದ್ದರೆ ಇಎಫ್ 50 ಎಂಎಂ ಎಫ್ 1.8 ಎಸ್‌ಟಿಎಂ (2015). ಮಿರರ್‌ಲೆಸ್ ಇದ್ದರೆ ಆರ್‌ಎಫ್ 50 ಎಂಎಂ ಎಫ್ 1.8, 2020ರಲ್ಲಿ ಬಂದಾಗ ಬೆಲೆ 199 ಡಾಲರ್. ನಿಕಾನ್ ಡಿಎಕ್ಸ್‌ನವರಿಗೆ 2009ರ 35 ಎಂಎಂ ಎಫ್ 1.8ಜಿ, ನನ್ನ ಪ್ರಕಾರ ಇದಕ್ಕಿಂತ ಒಳ್ಳೆಯ ವ್ಯಾಪಾರ ಇಲ್ಲ. ಅಲ್ಲೇ ಇನ್ನೂ ಅಗ್ಗಕ್ಕೆ 50 ಎಂಎಂ ಎಫ್ 1.8ಡಿ ಅಂತ ಸಿಗುತ್ತದೆ, ಹುಷಾರು: ಅದರೊಳಗೆ ಮೋಟಾರ್ ಇಲ್ಲ. ಡಿ40, ಡಿ3000, ಡಿ5000 ಸರಣಿಯ ಕ್ಯಾಮೆರಾಗಳಲ್ಲೂ ಇಲ್ಲ. ಕೈಯಲ್ಲೇ ಫೋಕಸ್ ಮಾಡಬೇಕು. ನಿಕಾನ್ ಜೆಡ್‌ಗೆ 40 ಎಂಎಂ ಎಫ್ 2 (2021) ಸಾಕು. ಸೋನಿಯ ಎಫ್‌ಇ 50 ಎಂಎಂ ಎಫ್ 1.8 ಅಗ್ಗವೇ, ಫೋಕಸ್ ಮಾತ್ರ ಸ್ವಲ್ಪ ಸೋಮಾರಿ. ಎಪಿಎಸ್-ಸಿ ಸೋನಿಗೆ ಸಿಗ್ಮಾ 30 ಎಂಎಂ ಎಫ್ 1.4 ಹುಡುಕಿ.

ಜನ ಮಿರರ್‌ಲೆಸ್ ಕಡೆ ಹೋಗುತ್ತಿರುವುದರಿಂದ ಡಿಎಸ್‌ಎಲ್‌ಆರ್ ಲೆನ್ಸುಗಳು ಸೆಕೆಂಡ್‌ಹ್ಯಾಂಡ್ ಅಗ್ಗಕ್ಕೆ ಸಿಗುತ್ತವೆ. ಪೆನ್ ಸ್ಟೇಷನ್ನಿನಲ್ಲಿ ಇಳಿದು ನಡೆದರೆ 9ನೇ ಅವೆನ್ಯೂ, 34ನೇ ಬೀದಿಯ ಹತ್ತಿರ ಬಿ ಅಂಡ್ ಎಚ್ ಅಂಗಡಿ. ಹಳೆಯ ಸಾಮಾನಿನ ವಿಭಾಗವೂ ಇದೆ. ತಲೆಯ ಮೇಲೆ ಬುಟ್ಟಿಗಳು ಉರುಳಿಕೊಂಡು ಹೋಗುವುದನ್ನು ನೋಡಲು ಮಕ್ಕಳನ್ನೂ ಕರೆದುಕೊಂಡು ಹೋಗಿ. ಶನಿವಾರ ಮಾತ್ರ ಹೋಗಬೇಡಿ, ಯಹೂದಿಗಳ ಸಬ್ಬತ್ ಆದ್ದರಿಂದ ಬಾಗಿಲು ಹಾಕಿರುತ್ತದೆ. ಶುಕ್ರವಾರವೂ ಬೇಗ ಮುಚ್ಚುತ್ತಾರೆ. ಭಾನುವಾರ ತೆರೆದಿರುತ್ತದೆ.

ಪರಿಚಯದವರಿಂದ ಕೊಳ್ಳುವುದಾದರೆ ಫೋನಿನ ಟಾರ್ಚನ್ನು ಲೆನ್ಸಿನ ಒಂದು ಕಡೆಯಿಂದ ಬಿಟ್ಟು ಇನ್ನೊಂದು ಕಡೆಯಿಂದ ನೋಡಿ. ಜೇಡರ ಬಲೆಯಂಥ ಎಳೆ ಕಂಡರೆ ಅದು ಬೂಷ್ಟು. ಮಲೆನಾಡಿನ ಮಳೆಗಾಲ ಕಂಡು ಬಂದ ಲೆನ್ಸಿನಲ್ಲಿ ಇದು ಸಾಮಾನ್ಯ, ಎಷ್ಟು ಅಗ್ಗವಾದರೂ ಬೇಡ. ಸಣ್ಣ ಧೂಳಿಗೆ ತಲೆ ಕೆಡಿಸಿಕೊಳ್ಳಬೇಡಿ. ನಿಮ್ಮ ಕ್ಯಾಮೆರಾಕ್ಕೇ ಹಾಕಿ, ಎಫ್ 1.8ರಲ್ಲಿ ಯಾರದಾದರೂ ಕಣ್ಣಿಗೆ ಹತ್ತು ಸಲ ಫೋಕಸ್ ಮಾಡಿ ನೋಡಿ, ಆಮೇಲೆ ದುಡ್ಡು ಕೊಡಿ.

ಕೊಳ್ಳುವ ಮೊದಲು ಕೈಯಲ್ಲಿ ಹಿಡಿದು ನೋಡಬೇಕು ಅನ್ನುವವರು ಮುಂದಿನ ಕಾರ್ಯಕ್ರಮಕ್ಕೆ ನಿಮ್ಮ ನಿಕಾನ್ ತನ್ನಿ. ನನ್ನ 35 ಎಂಎಂ ಊಟದ ಹೊತ್ತಿನವರೆಗೆ ನಿಮ್ಮದು.