ಪಟಾಕಿ ವ್ಯಾಪಾರ: ಕಾನೂನಿನ ಕಟ್ಟಳೆ ಮತ್ತು ವರ್ತಕರ ಹೊಣೆ

ನಮ್ಮ ಭಾಗದ ಪೇಟೆಗಳಲ್ಲಿ ಪಟಾಕಿಯು ವರ್ಷವಿಡೀ ನಡೆಯುವ ವ್ಯಾಪಾರವಲ್ಲ. ಗಣೇಶ ಚೌತಿಯಿಂದ ಬಲಿಪಾಡ್ಯಮಿಯವರೆಗಿನ ಕೆಲವೇ ವಾರಗಳ ವಹಿವಾಟು ಇದು. ತಡಸ, ಶಿಗ್ಗಾವಿ, ಸವಣೂರು, ಹಾನಗಲ್ಲ, ಹಿರೇಕೆರೂರುಗಳಂಥ ಊರುಗಳ ಸಣ್ಣ ವರ್ತಕರಿಗೆ ದೀಪಾವಳಿಯ ನಾಲ್ಕು ದಿನಗಳು ಒಂದಿಷ್ಟು ಹೆಚ್ಚಿನ ಆದಾಯ ತರುತ್ತವೆ. ಆದರೆ ಈ ಸರಕು ಬೆಲ್ಲ, ಬಟ್ಟೆಗಳಂತಹ ಸಾಮಾನ್ಯ ಸರಕಲ್ಲ. ಕಾನೂನಿನ ದೃಷ್ಟಿಯಲ್ಲಿ ಇದು ಸ್ಫೋಟಕ. ಈ ಒಂದು ಸಂಗತಿಯನ್ನು ಮರೆತಲ್ಲಿಂದಲೇ ವರ್ತಕರ ತೊಂದರೆಗಳೆಲ್ಲ ಪ್ರಾರಂಭವಾಗುತ್ತವೆ. ಆದುದರಿಂದ ಈ ವ್ಯಾಪಾರಕ್ಕೆ ಅನ್ವಯಿಸುವ ನಿಯಮಗಳನ್ನೂ ಅವುಗಳ ಸುತ್ತ ನಡೆದಿರುವ ಚರ್ಚೆಯನ್ನೂ ಇಲ್ಲಿ ಸಂಕ್ಷೇಪವಾಗಿ ವಿವರಿಸಲಾಗಿದೆ.

ಎರಡು ದುರಂತಗಳು

2023ರ ಆಗಸ್ಟ್ 29ರಂದು ಹಾವೇರಿ ನಗರದ ಹೊರವಲಯದ ಆಲದಕಟ್ಟಿಯಲ್ಲಿ ಪಟಾಕಿ ಗೋದಾಮಿಗೆ ಬೆಂಕಿ ತಗುಲಿ ಕಾರ್ಮಿಕರು ಜೀವ ತೆತ್ತರು. ಹಬ್ಬದ ಮಾರಾಟಕ್ಕೆಂದು ತರಿಸಿಟ್ಟ ಮಾಲೆಲ್ಲ ಭಸ್ಮವಾಯಿತು. ವೆಲ್ಡಿಂಗ್ ಕೆಲಸದ ಕಿಡಿಯೇ ಬೆಂಕಿಗೆ ಕಾರಣವೆಂದು ಆಗ ವರದಿಯಾಗಿತ್ತು. ಆರು ವಾರ ಕಳೆಯುವುದರೊಳಗೆ, ಅಕ್ಟೋಬರ್ 7ರಂದು, ಆನೇಕಲ್ ತಾಲೂಕಿನ ಅತ್ತಿಬೆಲೆಯಲ್ಲಿ ಮಾಲು ಇಳಿಸುತ್ತಿದ್ದ ವೇಳೆ ಹತ್ತಿಕೊಂಡ ಬೆಂಕಿಗೆ ಅಂದೇ 14 ಮಂದಿ ಬಲಿಯಾದರು. ಅನಂತರ ಸಾವಿನ ಸಂಖ್ಯೆ ಇನ್ನೂ ಏರಿತು. ಮೃತರಲ್ಲಿ ಅನೇಕರು ಹಬ್ಬದ ಅವಧಿಯ ಕೂಲಿಗಾಗಿ ತಮಿಳುನಾಡಿನಿಂದ ಬಂದಿದ್ದ ಯುವಕರು.

ಇದರ ಬೆನ್ನಲ್ಲೇ ಮದುವೆ, ರಾಜಕೀಯ ಸಮಾರಂಭ ಮತ್ತು ಗಣೇಶೋತ್ಸವದ ಮೆರವಣಿಗೆಗಳಲ್ಲಿ ಪಟಾಕಿ ಸುಡುವುದನ್ನು ನಿಷೇಧಿಸುವುದಾಗಿಯೂ ಹಸಿರು ಪಟಾಕಿಯ ಮಾರಾಟಕ್ಕೆ ಮಾತ್ರ ಅವಕಾಶವೆಂದೂ ರಾಜ್ಯ ಸರ್ಕಾರವು ಪ್ರಕಟಿಸಿತು. ಕೆಲವರ ಅಜಾಗರೂಕತೆಯ ಬೆಲೆಯನ್ನು ಇಡೀ ವರ್ತಕ ಸಮುದಾಯವು ತೆರಬೇಕಾಯಿತು.

ಪರವಾನಿಗೆಯ ಚೌಕಟ್ಟು

ಪಟಾಕಿಯ ತಯಾರಿಕೆ, ದಾಸ್ತಾನು, ಸಾಗಾಣಿಕೆ ಮತ್ತು ಮಾರಾಟಗಳು 1884ರ ಸ್ಫೋಟಕಗಳ ಅಧಿನಿಯಮ ಹಾಗೂ ಅದರಡಿ ರಚಿತವಾದ 2008ರ ಸ್ಫೋಟಕಗಳ ನಿಯಮಗಳಿಗೆ ಒಳಪಡುತ್ತವೆ. ಸಣ್ಣ ಪ್ರಮಾಣದ ಚಿಲ್ಲರೆ ಮಾರಾಟ ಹಾಗೂ ಹಬ್ಬದ ತಾತ್ಕಾಲಿಕ ಮಳಿಗೆಗಳಿಗೆ ಜಿಲ್ಲಾ ದಂಡಾಧಿಕಾರಿಗಳು, ದೊಡ್ಡ ದಾಸ್ತಾನಿಗೆ ಕೇಂದ್ರ ಸರ್ಕಾರದ ಪೆಟ್ರೋಲಿಯಂ ಮತ್ತು ಸ್ಫೋಟಕಗಳ ಸುರಕ್ಷತಾ ಸಂಸ್ಥೆಯ ಅಧಿಕಾರಿಗಳು ಪರವಾನಿಗೆ ನೀಡುತ್ತಾರೆ. ತಡಸದ ವರ್ತಕರಿಗೆ ಹಾವೇರಿ ಜಿಲ್ಲಾಡಳಿತವೇ ಪ್ರಾಧಿಕಾರ. ಮಾಲನ್ನು ಹುಬ್ಬಳ್ಳಿಯಿಂದ ತಂದರೂ ಅಲ್ಲಿನ ಸಗಟು ವ್ಯಾಪಾರಿಯ ಪರವಾನಿಗೆಯು ಇಲ್ಲಿನ ಮಾರಾಟಕ್ಕೆ ಆಧಾರವಾಗದು. ಪರವಾನಿಗೆಯಲ್ಲಿ ಹೆಸರು, ಸ್ಥಳ, ಪ್ರಮಾಣ, ಅವಧಿ ಈ ನಾಲ್ಕೂ ನಮೂದಾಗಿರುತ್ತವೆ. ಇವುಗಳಲ್ಲಿ ಯಾವುದೊಂದನ್ನು ಮೀರಿದರೂ ಅದು ಷರತ್ತಿನ ಉಲ್ಲಂಘನೆಯೇ.

ಮಳಿಗೆಗಳಿಗೆ ಸಂಬಂಧಿಸಿದ ಮುಖ್ಯ ನಿಯಮಗಳು ಇಂತಿವೆ:

1. ತಾತ್ಕಾಲಿಕ ಮಳಿಗೆಯನ್ನು ಬೆಂಕಿ ಹತ್ತದ ಸಾಮಗ್ರಿಯಿಂದ ನಿರ್ಮಿಸತಕ್ಕದ್ದು. ಬಟ್ಟೆಯ ಪೆಂಡಾಲು, ತಟ್ಟಿ, ತೆಂಗಿನ ಗರಿಯ ಚಪ್ಪರ ಸಲ್ಲವು.

2. ಎರಡು ಮಳಿಗೆಗಳ ನಡುವೆ ಕನಿಷ್ಠ 3 ಮೀಟರ್, ವಾಸದ ಮನೆ, ಶಾಲೆ, ದೇವಾಲಯ, ಆಸ್ಪತ್ರೆ ಮೊದಲಾದ ಸಂರಕ್ಷಿತ ಕಟ್ಟಡಗಳಿಂದ ಕನಿಷ್ಠ 50 ಮೀಟರ್ ಅಂತರವಿರತಕ್ಕದ್ದು.

3. ಮಳಿಗೆಗಳು ಎದುರುಬದುರಾಗಿರಕೂಡದು. ಒಂದು ಗುಂಪಿನಲ್ಲಿ 50ಕ್ಕಿಂತ ಹೆಚ್ಚು ಮಳಿಗೆಗಳಿರಕೂಡದು.

4. ಎಣ್ಣೆ ದೀಪ, ಗ್ಯಾಸ್ ದೀಪ ಅಥವಾ ತೆರೆದ ಜ್ವಾಲೆ ಇರಕೂಡದು. ವಿದ್ಯುದ್ದೀಪಗಳನ್ನು ಗೋಡೆಗೆ ಇಲ್ಲವೇ ಚಾವಣಿಗೆ ಭದ್ರವಾಗಿ ಅಳವಡಿಸಬೇಕು. ತೂಗುಬಿಟ್ಟ ವೈರು ಸಲ್ಲದು. ಪ್ರತಿ ಸಾಲಿಗೂ ಒಂದು ಮುಖ್ಯ ಸ್ವಿಚ್ಚು ಇರಬೇಕು.

5. ಮಳಿಗೆಯಿಂದ 50 ಮೀಟರ್ ಒಳಗೆ ಪಟಾಕಿ ಸುಡುವಂತಿಲ್ಲ. ಗಿರಾಕಿಗೆ ‘ಒಂದು ಹಚ್ಚಿ ತೋರಿಸುವ’ ರೂಢಿಯನ್ನು ಕೈಬಿಡಲೇಬೇಕು.

6. ಹದಿನೆಂಟು ವರ್ಷ ತುಂಬದವರನ್ನು ಈ ಕೆಲಸಕ್ಕೆ ನೇಮಿಸಿಕೊಳ್ಳುವಂತಿಲ್ಲ. ರಜೆಯಲ್ಲಿ ಅಂಗಡಿಗೆ ಬಂದು ಕೂರುವ ಮನೆಯ ಮಕ್ಕಳನ್ನೂ ಇದರಿಂದ ದೂರವಿರಿಸುವುದು ಕ್ಷೇಮ.

ಈ ಅಂತರಗಳನ್ನು ಅಳೆದು ನೋಡಿದರೆ ಒಂದು ಮಾತು ಸ್ಪಷ್ಟವಾಗುತ್ತದೆ. ಕೆಳಗೆ ಅಂಗಡಿ, ಮೇಲೆ ಮನೆ, ಒಂದೇ ಗೋಡೆಗೆ ಮತ್ತೊಂದು ಅಂಗಡಿ ಎಂಬಂತಿರುವ ನಮ್ಮ ಪೇಟೆಯ ಓಣಿಗಳಲ್ಲಿ ಹಬ್ಬದ ಪಟಾಕಿ ಮಳಿಗೆಗೆ ಸ್ಥಳವೇ ಇಲ್ಲ. ಊರ ಹೊರಗಿನ ಬಯಲೇ ಇದಕ್ಕೆ ತಕ್ಕ ಜಾಗ.

ನ್ಯಾಯಾಲಯದ ಆದೇಶಗಳು

2005ರ ಜುಲೈ 18ರ ತೀರ್ಪಿನಲ್ಲಿ ಸರ್ವೋಚ್ಚ ನ್ಯಾಯಾಲಯವು ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಸದ್ದು ಮಾಡುವ ಪಟಾಕಿಗಳನ್ನು ನಿರ್ಬಂಧಿಸಿತು. 2018ರ ಅಕ್ಟೋಬರ್ 23ರಂದು ಅರ್ಜುನ್ ಗೋಪಾಲ್ ಪ್ರಕರಣದಲ್ಲಿ ಅದು ಪೂರ್ಣ ನಿಷೇಧದ ಬೇಡಿಕೆಯನ್ನು ಒಪ್ಪಲಿಲ್ಲ. ಬದಲಾಗಿ ಕಡಿಮೆ ಹೊಗೆಯ ಹಸಿರು ಪಟಾಕಿಗಳಿಗೆ ಮಾತ್ರ ಅನುಮತಿ ನೀಡಿ, ದೀಪಾವಳಿಯಂದು ರಾತ್ರಿ 8ರಿಂದ 10ರ ಅವಧಿಯನ್ನು ನಿಗದಿಪಡಿಸಿತು. ಸರಪಟಾಕಿ, ಬೇರಿಯಂ ಲವಣಗಳ ಬಳಕೆ ಹಾಗೂ ಆನ್‌ಲೈನ್ ಮಾರಾಟಗಳನ್ನು ನಿಷೇಧಿಸಿತು. ಮಾರಾಟವು ಪರವಾನಿಗೆ ಪಡೆದ ವರ್ತಕರ ಮೂಲಕವೇ ನಡೆಯಬೇಕೆಂದಿತು. 2021ರ ಅಕ್ಟೋಬರ್‌ನಲ್ಲಿ, ಈ ಆದೇಶವು ಕಾಗದದ ಮೇಲಷ್ಟೇ ಉಳಿಯಬಾರದೆಂದು ಮತ್ತೆ ಎಚ್ಚರಿಸಿತು.

ಹಸಿರು ಪಟಾಕಿಯ ಸೂತ್ರವನ್ನು ನಾಗಪುರದ ರಾಷ್ಟ್ರೀಯ ಪರಿಸರ ಎಂಜಿನಿಯರಿಂಗ್ ಸಂಶೋಧನಾ ಸಂಸ್ಥೆಯು (ನೀರಿ) ರೂಪಿಸಿದೆ. ಇದು ಹೊಗೆಯೇ ಇಲ್ಲದ ಪಟಾಕಿಯಲ್ಲ. ಸಾಮಾನ್ಯ ಪಟಾಕಿಗಿಂತ ಸುಮಾರು ಶೇ. 30ರಷ್ಟು ಕಡಿಮೆ ಕಣಮಾಲಿನ್ಯ ಉಂಟುಮಾಡುವಂಥದು. ಪೆಟ್ಟಿಗೆಯ ಮೇಲಿನ ಹಸಿರು ಲಾಂಛನ ಮತ್ತು ಕ್ಯೂಆರ್ ಸಂಕೇತವನ್ನು ಖರೀದಿಯ ಕಾಲಕ್ಕೇ ಪರೀಕ್ಷಿಸಬೇಕು. ‘ಹಸಿರು’ ಎಂಬ ಮುದ್ರಿತ ಪದ ಮಾತ್ರವೇ ಪ್ರಮಾಣವಾಗದು.

ಚರ್ಚೆಯ ಎರಡು ಮುಖಗಳು

ಪರಿಸರವಾದಿಗಳೂ ವೈದ್ಯರೂ ಹೊಗೆ, ಸದ್ದು ಮತ್ತು ಕಣ್ಣಿನ ಗಾಯಗಳತ್ತ ಬೊಟ್ಟು ಮಾಡುತ್ತಾರೆ. ಪ್ರತಿ ದೀಪಾವಳಿಗೂ ಬೆಂಗಳೂರಿನ ಮಿಂಟೋ ಕಣ್ಣಾಸ್ಪತ್ರೆಗೆ ಪಟಾಕಿಯ ಗಾಯಾಳುಗಳು ಬರುತ್ತಾರೆ; ಅವರಲ್ಲಿ ಮಕ್ಕಳೂ, ಪಕ್ಕದಲ್ಲಿ ನಿಂತು ನೋಡುತ್ತಿದ್ದವರೂ ಇರುತ್ತಾರೆ. ಈ ವಾದವನ್ನು ಹಬ್ಬದ ವಿರೋಧವೆಂದು ತಳ್ಳಿಹಾಕುವುದು ನ್ಯಾಯವಲ್ಲ.

ವರ್ತಕರ ವಾದದಲ್ಲಿಯೂ ಹುರುಳಿದೆ. ಹಬ್ಬದ ಮಾಲಿಗೆ ತಿಂಗಳುಗಳ ಮುಂಚೆಯೇ ಬಂಡವಾಳ ಹೂಡಬೇಕಾಗುತ್ತದೆ. 2020ರ ನವೆಂಬರ್‌ನಲ್ಲಿ ಕೋವಿಡ್ ಕಾರಣದಿಂದ, ದೀಪಾವಳಿಗೆ ಸುಮಾರು ಒಂದು ವಾರವಿರುವಾಗ, ರಾಜ್ಯ ಸರ್ಕಾರವು ಪಟಾಕಿ ನಿಷೇಧವನ್ನು ಪ್ರಕಟಿಸಿ, ಬಳಿಕ ಹಸಿರು ಪಟಾಕಿಗೆ ಅವಕಾಶ ನೀಡಿತು. ಅಷ್ಟರಲ್ಲಿ ಮಾಲು ಅಂಗಡಿ ಸೇರಿಯಾಗಿತ್ತು. ನಿಯಮವು ಕಠಿಣವಾಗಿದ್ದರೆ ವರ್ತಕನು ಅದಕ್ಕೆ ಹೊಂದಿಕೊಳ್ಳಬಲ್ಲನು. ಕೊನೆಯ ಗಳಿಗೆಯಲ್ಲಿ ಬದಲಾಗುವ ನಿಯಮಕ್ಕೆ ಹೊಂದಿಕೊಳ್ಳಲಾರನು. ಪರವಾನಿಗೆಯು ಹಬ್ಬದ ಮುನ್ನಾದಿನ ಕೈಸೇರಿದರೆ ಪ್ರಾಮಾಣಿಕನಿಗೆ ನಷ್ಟವಾಗುತ್ತದೆ, ಕದ್ದು ಮಾರುವವನಿಗೆ ಲಾಭವಾಗುತ್ತದೆ. ಆದ್ದರಿಂದ ಸಂಘ ಸಂಸ್ಥೆಗಳು ಕೇಳಬೇಕಾದುದು ರಿಯಾಯಿತಿಯನ್ನಲ್ಲ. ನಿಶ್ಚಿತ ದಿನಾಂಕ ಮತ್ತು ನಿಶ್ಚಿತ ಸ್ಥಳಗಳನ್ನು.

ಉಳಿದ ಮಾಲಿನ ಪ್ರಶ್ನೆ

ಹೆಚ್ಚಿನವರು ಯೋಚಿಸದಿರುವ ಅಪಾಯವು ಹಬ್ಬ ಮುಗಿದ ಮೇಲೆ ತಲೆದೋರುತ್ತದೆ. ತಾತ್ಕಾಲಿಕ ಪರವಾನಿಗೆಯ ಅವಧಿ ತೀರಿದೊಡನೆ ಉಳಿದ ಪಟಾಕಿಯನ್ನು ಇಟ್ಟುಕೊಳ್ಳುವ ಹಕ್ಕೂ ತೀರುತ್ತದೆ. ಆದರೂ ಮುಂದಿನ ವರ್ಷಕ್ಕಾಗಲೆಂದು ಮನೆಯ ಅಟ್ಟದಲ್ಲಿಯೋ, ಕಾಳಿನ ಚೀಲಗಳ ಹಿಂದೆಯೋ ಪೆಟ್ಟಿಗೆಗಳನ್ನು ಇರಿಸುವವರುಂಟು. ಕೆಳಗೆ ಅಡುಗೆ ಒಲೆ, ಮೇಲೆ ಪಟಾಕಿ ಪೆಟ್ಟಿಗೆ: ಈ ಉಳಿತಾಯದ ಬೆಲೆ ಒಂದು ಕುಟುಂಬವೇ ಆಗಬಹುದು. ಮಾರಾಟವಾಗದ ಮಾಲನ್ನು ಹಿಂಪಡೆಯುವ ಬಗ್ಗೆ ಸಗಟು ವ್ಯಾಪಾರಿಯೊಡನೆ ಖರೀದಿಯ ವೇಳೆಯೇ ಲಿಖಿತ ಒಪ್ಪಂದ ಮಾಡಿಕೊಳ್ಳುವುದೇ ಸರಿಯಾದ ಮಾರ್ಗ. ಮಾಲನ್ನು ಬಸ್ಸು ಮುಂತಾದ ಪ್ರಯಾಣಿಕರ ವಾಹನಗಳಲ್ಲಿ ಸಾಗಿಸಕೂಡದು.

ಪರವಾನಿಗೆಯ ಷರತ್ತು ಮೀರಿ ದಾಸ್ತಾನು ಅಥವಾ ಮಾರಾಟ ಮಾಡಿದಲ್ಲಿ ಅಧಿನಿಯಮದ 9ಬಿ ಪ್ರಕರಣದಂತೆ 2 ವರ್ಷಗಳವರೆಗೆ ಸೆರೆವಾಸ, 3,000 ರೂಪಾಯಿವರೆಗೆ ದಂಡ ಅಥವಾ ಎರಡನ್ನೂ ವಿಧಿಸಬಹುದು. ಸಾವು ಸಂಭವಿಸಿದರೆ ಭಾರತೀಯ ನ್ಯಾಯ ಸಂಹಿತೆಯ ಗಂಭೀರ ಕಲಮುಗಳೂ ಅನ್ವಯಿಸುತ್ತವೆ. ಅನಧಿಕೃತ ದಾಸ್ತಾನಿದ್ದ ಅಂಗಡಿಗೆ ಬೆಂಕಿ ಬಿದ್ದರೆ ವಿಮಾ ಪರಿಹಾರವೂ ಕೈತಪ್ಪಬಹುದು.

ವರ್ತಕ ಬಾಂಧವರಿಗೆ ಸಲಹೆ

ಪ್ರತಿ ಊರಿನ ಪಟಾಕಿ ವರ್ತಕರು ಚೌತಿಗೆ ಮುನ್ನವೇ ಒಂದೆಡೆ ಸೇರಿ, ಸ್ಥಳೀಯ ಸಂಸ್ಥೆಯೊಡನೆ ಚರ್ಚಿಸಿ ಒಂದು ಬಯಲನ್ನು ಗುರುತಿಸಿ, ಒಟ್ಟಾಗಿ ಅರ್ಜಿ ಸಲ್ಲಿಸಲಿ. ತಗಡಿನ ಮಳಿಗೆ, ನೀರಿನ ಟ್ಯಾಂಕು, ಮರಳಿನ ಬಕೆಟ್ಟು, ಅಗ್ನಿಶಾಮಕ ಉಪಕರಣ ಮತ್ತು ರಾತ್ರಿ ಕಾವಲಿನ ಖರ್ಚನ್ನು ಎಲ್ಲರೂ ಹಂಚಿಕೊಂಡರೆ ಒಬ್ಬೊಬ್ಬರಿಗೂ ಹೊರೆ ಹಗುರಾಗುವುದು. ದಾಸ್ತಾನು ಪುಸ್ತಕ ಮತ್ತು ಖರೀದಿ ಬಿಲ್ಲುಗಳನ್ನು ಮಳಿಗೆಯಲ್ಲಿಯೇ ಇರಿಸಲಿ. ನಿಯಮ ಪಾಲಿಸುವ ವರ್ತಕರು ಸಂಘಟಿತರಾಗಿ ನಿಂತಾಗ ಮಾತ್ರ ನಿಷೇಧದ ಕೂಗಿಗೆ ಸಮರ್ಪಕ ಉತ್ತರ ದೊರೆಯುವುದು.