ಶ್ರವಣನರದ ಗಂತಿ ಮತ್ತು ಮಕ್ಕಳು

ವಿಜಯನಗರದ ಶಾಲೆಯೊಂದರಲ್ಲಿ ಓದುವ ಬಾಲಕನೊಬ್ಬನನ್ನು ಕಲ್ಪಿಸಿಕೊಳ್ಳೋಣ. ಎಡಗಡೆಯಿಂದ ಕರೆದರೆ ಅವನು ಬಲಕ್ಕೆ ತಿರುಗುತ್ತಾನೆ. ಫೋನನ್ನು ಸದಾ ಬಲಗಿವಿಗೇ ಹಿಡಿಯುತ್ತಾನೆ. ಕತ್ತಲೆಯಲ್ಲಿ ನಡೆಯುವಾಗ ಓಲಾಡುತ್ತಾನೆ. ಪಾಠದಲ್ಲಿ ಗಮನವಿಲ್ಲವೆಂದು ಉಪಾಧ್ಯಾಯರು ಅವನನ್ನು ಗದರಿಸಿಯಾರು. ಇಂತಹ ಕಿವುಡಿಗೆ ಕಿವಿಯ ಸಾಮಾನ್ಯ ರೋಗಗಳೇ ಬಹುಮಟ್ಟಿಗೆ ಕಾರಣ. ಆದರೆ ಅತಿ ವಿರಳವಾಗಿ ಅದರ ಮೂಲವು ತಲೆಬುರುಡೆಯೊಳಗೆ ಅಡಗಿರುವುದುಂಟು.

ನಮ್ಮ ಕಪಾಲನರಗಳು 12 ಜೊತೆ. ಎಂಟನೆಯದು ಶಬ್ದವನ್ನೂ ಸಮತೋಲದ ಅರಿವನ್ನೂ ಒಳಗಿವಿಯಿಂದ ಮಿದುಳಿಗೆ ಒಯ್ಯುತ್ತದೆ. ಮುಖದ ಸ್ನಾಯುಗಳನ್ನು ಆಡಿಸುವ ಏಳನೆಯ ನರವು ಅದರ ಮಗ್ಗುಲಲ್ಲಿಯೇ, ಎಲುಬಿನ ಅದೇ ಕಿರುಗಾಲುವೆಯಲ್ಲಿ ಸಾಗುತ್ತದೆ. ನರತಂತುಗಳಿಗೆ ಹೊದಿಕೆಯಾಗಿರುವ ಶ್ವಾನ್ ಕೋಶಗಳು ಮಿತಿಮೀರಿ ವೃದ್ಧಿಹೊಂದಿದರೆ ಹುಟ್ಟುವ ಗಂತಿಗೆ ಶ್ವಾನೋಮ ಎಂದು ಹೆಸರು. ಇದು ಸಾಮಾನ್ಯವಾಗಿ ಕ್ಯಾನ್ಸರ್ ಅಲ್ಲ, ಬೆಳವಣಿಗೆಯೂ ನಿಧಾನ. ಆದರೂ ಬುರುಡೆಯೊಳಗೆ ತೆರವಿಲ್ಲವಾದ ಕಾರಣ, ದೊಡ್ಡದಾದ ಗಂತಿಯು ಮಿದುಳಿನ ಕಾಂಡವನ್ನು ಒತ್ತಿ ಪ್ರಾಣಕ್ಕೇ ಅಪಾಯ ತರಬಲ್ಲದು.

ಈ ಗಂತಿ ಹೆಚ್ಚಾಗಿ ವಯಸ್ಕರದು. ಮಗುವಿನಲ್ಲಿ ಕಂಡುಬಂದರೆ ವೈದ್ಯರು 22ನೆಯ ವರ್ಣತಂತುವಿನ ದೋಷವೊಂದನ್ನು ಶಂಕಿಸುತ್ತಾರೆ. ಎನ್.ಎಫ್.2 ಎಂಬ ಆ ಜೀನ್ 1993ರಲ್ಲಿ ಪತ್ತೆಯಾಯಿತು. ಅದು ಕೆಟ್ಟಾಗ ಎರಡೂ ಪಕ್ಕದ ನರಗಳಲ್ಲಿ ಗಂತಿ ಬೆಳೆಯುವ ಸಂಭವವುಂಟು. ಆಗ ಎರಡು ಕಿವಿಗಳೂ ಕೇಳದಂತಾಗುವ ಭಯವಿದೆ.

ಇದನ್ನು ತೆಗೆಯುವುದು ಹೇಗೆ? ಅಮೆರಿಕದ ಹಾರ್ವೆ ಕುಷಿಂಗರು 1917ರಲ್ಲಿ ಈ ಗಂತಿಗಳನ್ನು ಕುರಿತು ಗ್ರಂಥ ಬರೆದರು. ಪೂರ್ಣವಾಗಿ ಕೀಳಲು ಹೋಗದೆ, ಒಳತಿರುಳನ್ನು ಮಾತ್ರ ತೆಗೆದು ಪ್ರಾಣ ಉಳಿಸುವುದು ಅವರ ಕ್ರಮ. ವಾಲ್ಟರ್ ಡ್ಯಾಂಡಿಯವರು ಪೂರ್ಣವಾಗಿಯೇ ತೆಗೆದು ತೋರಿಸಿದರು. ಆದರೆ ಮುಖನರವು ಅನೇಕ ವೇಳೆ ಬಲಿಯಾಗುತ್ತಿತ್ತು. ಬೆಲೆ ತೆತ್ತ ರೋಗಿಗೆ ಕಣ್ಣು ಮುಚ್ಚದು, ತುಟಿ ಸೊಟ್ಟಗಾಗುವುದು.

ಇಂದಿನ ಶಸ್ತ್ರವೈದ್ಯರು ಕಿವಿಯ ಹಿಂದಿನ ಎಲುಬನ್ನು ತೆರೆದು, ಸೂಕ್ಷ್ಮದರ್ಶಕದ ಕೆಳಗೆ ಗಂತಿಯ ತಿರುಳನ್ನು ಮೊದಲು ಬರಿದುಮಾಡುತ್ತಾರೆ. ಬಳಿಕ ಕುಗ್ಗಿದ ಹೊರಪದರವನ್ನು ಮೆಲ್ಲನೆ ಬಿಡಿಸುತ್ತಾರೆ. ಗಂತಿಯ ಮೇಲೆ ಹಾಳೆಯಂತೆ ತೆಳುವಾಗಿ ಹರಡಿದ ಮುಖನರವು ಕಣ್ಣಿಗೆ ಗುರುತು ಸಿಗುವುದು ಕಷ್ಟ. ಆದುದರಿಂದ ಕ್ಷೀಣ ವಿದ್ಯುತ್ತಿನಿಂದ ಮುಟ್ಟಿ ನೋಡುತ್ತಾರೆ; ಮುಖದ ಸ್ನಾಯು ಅದುರಿದರೆ ಅಲ್ಲಿ ನರವಿದೆಯೆಂದು ಅರ್ಥ. ನರಕ್ಕೆ ಬಲವಾಗಿ ಅಂಟಿದ ಚೂರನ್ನು ಬೇಕೆಂದೇ ಉಳಿಸಿ, ಎಂ.ಆರ್.ಐ. ಚಿತ್ರಗಳಿಂದ ವರ್ಷವರ್ಷವೂ ಕಾಯುವುದುಂಟು. ಕುಷಿಂಗರ ಸಂಯಮವೇ ಹೊಸ ಉಪಕರಣಗಳೊಡನೆ ಮರಳಿ ಬಂದಿದೆಯೆನ್ನಬಹುದು. ಮುಂದೆ ದೀರ್ಘಕಾಲ ಬಾಳಬೇಕಾದ ಮಗುವಿಗೆ ಎಷ್ಟು ತೆಗೆದರೆಂಬುದರಷ್ಟೇ ಏನನ್ನು ಉಳಿಸಿದರೆಂಬುದೂ ಮುಖ್ಯ.

ಇಂತಹ ಚಿಕಿತ್ಸೆಗೆ ನಮ್ಮ ಬಾಲಕನು ದೂರದೇಶಕ್ಕೆ ಹೋಗಬೇಕಿಲ್ಲ. ನಗರದ ಹೊಸೂರು ರಸ್ತೆಯಲ್ಲಿ ನಿಮ್ಹಾನ್ಸ್ ಇದೆ. 1954ರ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆಯೂ ಹಳೆಯ ಮಾನಸಿಕ ಆಸ್ಪತ್ರೆಯೂ ಕೂಡಿ 1974ರಲ್ಲಿ ರೂಪುಗೊಂಡ ಈ ಸಂಸ್ಥೆಯ ಪ್ರಥಮ ನಿರ್ದೇಶಕರಾದ ಡಾ. ಆರ್. ಎಂ. ವರ್ಮ ಅವರು ಸ್ವತಃ ನರಶಸ್ತ್ರವೈದ್ಯರು.

ಆದರೆ ಅಲ್ಲಿಗೆ ತಲುಪುವ ದಾರಿ ತರಗತಿಯಿಂದಲೇ ಆರಂಭವಾಗಬೇಕು. ಗಂತಿ ಚಿಕ್ಕದಿರುವಾಗ ತಿಳಿದರೆ ನರವನ್ನು ಉಳಿಸುವ ಅವಕಾಶ ಹೆಚ್ಚು. ಪಕ್ಕದ ಗೆಳೆಯನಿಗೆ ಒಂದು ಕಿವಿ ಮಂದವೆಂದು ತೋರಿದರೆ ನಗದೆ, ಹಿರಿಯರಿಗೆ ತಿಳಿಸಿ ಶ್ರವಣ ಪರೀಕ್ಷೆ ಮಾಡಿಸುವಂತೆ ಹೇಳೋಣ.