ವಯಸ್ಸಾದ ಕಾಂಡಕೋಶ ಮತ್ತು ಕ್ಯಾನ್ಸರ್: ನಂಟು ಏನು?

ಕಳೆದ ವಾರದ ರಕ್ತಹೀನತೆಯ ಲೇಖನ ಓದಿದ ಹಿರಿಯರೊಬ್ಬರು ಕೇಳಿದರು: "ವಯಸ್ಸಾದಂತೆ ದೇಹದ ಶಕ್ತಿಯೇ ಕುಂದುತ್ತದೆ. ಹಾಗಿರುವಾಗ ಕ್ಯಾನ್ಸರ್ ಕೋಶಕ್ಕೆ ಮಾತ್ರ ಶಕ್ತಿ ಎಲ್ಲಿಂದ ಬರುತ್ತದೆ?" ಒಳ್ಳೆಯ ಪ್ರಶ್ನೆ. ರಕ್ತದ ಉದಾಹರಣೆಯಿಂದಲೇ ಉತ್ತರ ನೋಡೋಣ.

*ಕಾಂಡಕೋಶ ಎಂದರೆ...*
ಕೆಂಪು ರಕ್ತಕಣದ ಆಯುಸ್ಸು ಸುಮಾರು 120 ದಿನ. ಸತ್ತವುಗಳ ಜಾಗ ತುಂಬಲು ದೇಹ ದಿನಕ್ಕೆ ಸುಮಾರು 20,000 ಕೋಟಿ ಹೊಸ ಕಣ ತಯಾರಿಸಬೇಕು. ಇದರ ಮೂಲ ಮೂಳೆಯೊಳಗಿನ ಮಜ್ಜೆಯಲ್ಲಿರುವ ಕಾಂಡಕೋಶ, ಅಂದರೆ ಸ್ಟೆಮ್ ಸೆಲ್. ದಿನವೂ ಸ್ವಲ್ಪ ಹೆಪ್ಪು ತೆಗೆದಿಟ್ಟು ಮೊಸರು ಮಾಡುತ್ತೇವಲ್ಲ, ಹಾಗೆ ಅದು ತನ್ನನ್ನೂ ಉಳಿಸಿಕೊಂಡು ರಕ್ತವನ್ನೂ ಕೊಡುತ್ತದೆ. ಹೆಪ್ಪು ಕೆಟ್ಟರೆ ಮುಂದಿನ ಮೊಸರೆಲ್ಲ ಕೆಟ್ಟಂತೆ.

ಒಂದೊಂದು ಕಾಂಡಕೋಶದ ಡಿಎನ್‌ಎಯಲ್ಲಿ ವರ್ಷಕ್ಕೆ ಸುಮಾರು 17 ಸಣ್ಣ ಬದಲಾವಣೆ ಸೇರುತ್ತಾ ಹೋಗುತ್ತವೆ. ಬಹುಪಾಲು ನಿರುಪದ್ರವಿ. ಆದರೆ ಡಿಎನ್‌ಎಂಟಿ3ಎ, ಟೆಟ್2 ಮುಂತಾದ ಜೀನ್‌ಗಳಲ್ಲಿ ಬದಲಾವಣೆಯಾದರೆ ಆ ಕೋಶದ ಸಂತತಿ ನೆರೆಯವರಿಗಿಂತ ಹೆಚ್ಚು ಬೆಳೆಯುತ್ತದೆ. ಯೌವನದಲ್ಲಿ ಸಾವಿರಾರು ಕಾಂಡಕೋಶಗಳು ಸಮನಾಗಿ ದುಡಿಯುತ್ತವೆ. 75 ದಾಟಿದವರಲ್ಲಿ ಬರೀ 12ರಿಂದ 18 ಕೋಶಗಳ ಸಂತತಿಯೇ ರಕ್ತದ ಶೇ. 30ರಿಂದ 60 ಭಾಗವನ್ನು ತಯಾರಿಸುತ್ತಿರುವುದನ್ನು 2022ರಲ್ಲಿ ಬ್ರಿಟನ್ನಿನ ವಿಜ್ಞಾನಿಗಳು ತೋರಿಸಿದರು.

ಹೆದರಬೇಡಿ, ಇದು ಕ್ಯಾನ್ಸರ್ ಅಲ್ಲ. ಇಂಥ ಜೀನ್ ಬದಲಾವಣೆ ಹೊತ್ತ ಸಂತತಿ 70 ದಾಟಿದ ಹತ್ತರಲ್ಲಿ ಒಬ್ಬರಲ್ಲಿ ಕಾಣುತ್ತದೆ. ಅಂಥವರಲ್ಲಿ ವರ್ಷಕ್ಕೆ ನೂರಕ್ಕೆ ಒಬ್ಬರಿಗೋ, ಅದಕ್ಕಿಂತ ಕಡಿಮೆಯೋ ರಕ್ತದ ಕ್ಯಾನ್ಸರ್ ಬರಬಹುದು. ಹೃದಯಾಘಾತದ ಅಪಾಯ ಮಾತ್ರ ಸ್ವಲ್ಪ ಹೆಚ್ಚು.

*ಪುಣೆಯ ಸಂಶೋಧನೆ*
ನಮ್ಮ ಪುಣೆ ವಿಶ್ವವಿದ್ಯಾಲಯದ ಆವರಣದಲ್ಲಿ ರಾಷ್ಟ್ರೀಯ ಕೋಶ ವಿಜ್ಞಾನ ಕೇಂದ್ರ (ಎನ್‌ಸಿಸಿಎಸ್) ಇದೆ. ಎಷ್ಟೋ ಜನ ದಿನವೂ ಆ ದಾರಿಯಲ್ಲೇ ಓಡಾಡಿದರೂ ಒಳಗೆ ಏನು ನಡೆಯುತ್ತದೆಂದು ಗೊತ್ತಿರುವುದಿಲ್ಲ. ಅಲ್ಲಿ ಡಾ. ವೈಜಯಂತಿ ಕಾಳೆ ಅವರ ತಂಡ ಇಲಿಗಳ ಮಜ್ಜೆ ಪರೀಕ್ಷಿಸಿ 2018ರಲ್ಲಿ ಪ್ರಕಟಿಸಿದ ವಿಷಯ ಇದು: ಕಾಂಡಕೋಶ ತಾನಾಗಿಯೇ ಮುಪ್ಪಾಗುವುದಷ್ಟೇ ಅಲ್ಲ, ನೆರೆಹೊರೆಯೂ ಅದನ್ನು ಮುಪ್ಪಾಗಿಸುತ್ತದೆ. ಮಜ್ಜೆಯ ಆಸರೆ ಕೋಶಗಳು ಕಾಂಡಕೋಶಗಳಿಗೆ ಅತಿ ಸಣ್ಣ ಪೊಟ್ಟಣಗಳನ್ನು ಕಳಿಸುತ್ತಿರುತ್ತವೆ. ಎಳೆಯ ಆಸರೆ ಕೋಶದ ಪೊಟ್ಟಣದಲ್ಲಿ, ಕೋಶ ತನ್ನ ಕಸವನ್ನು ತಾನೇ ತೆಗೆದುಕೊಳ್ಳಲು ಬೇಕಾದ ಸೂಚನೆ ಇರುತ್ತದೆ. ಮುದಿ ಆಸರೆ ಕೋಶಗಳ ಪೊಟ್ಟಣಗಳು ಆ ಕೆಲಸಕ್ಕೇ ಅಡ್ಡಿ ಮಾಡುತ್ತವೆ. ಎಳೆಯ ಪೊಟ್ಟಣ ಸಿಕ್ಕ ಮುದಿ ಕಾಂಡಕೋಶಗಳು ಮತ್ತೆ ಚೆನ್ನಾಗಿ ಕೆಲಸ ಮಾಡಿದವು.

ಈ ಪ್ರಯೋಗ ಮಜ್ಜೆ ಕಸಿಗಾಗಿ ನಡೆದದ್ದು, ಕ್ಯಾನ್ಸರ್ ಕುರಿತಲ್ಲ. ಆದರೂ ಹಿರಿಯರ ಪ್ರಶ್ನೆಗೆ ಇಲ್ಲಿ ಸುಳಿವಿದೆ. ನೆರೆಹೊರೆ ಹದಗೆಟ್ಟಾಗ ಮೊದಲು ಸೊರಗುವುದು ಸರಿಯಾದ ಕೋಶ. ಅದನ್ನು ತಡೆದುಕೊಳ್ಳಬಲ್ಲ ಕೆಟ್ಟ ಕೋಶಕ್ಕೆ ಜಾಗ ಸಿಗುತ್ತದೆ. ಪಾಳು ಬಿದ್ದ ಹೊಲದಲ್ಲಿ ಕಾಂಗ್ರೆಸ್ ಗಿಡ ಹಬ್ಬುವುದು ಹೀಗೆಯೇ. ಅಮೆರಿಕದ ಜೇಮ್ಸ್ ಡಿಗ್ರೆಗೊರಿ ಮೊದಲಾದವರ ವಾದವೂ ಇದೇ: ಕ್ಯಾನ್ಸರ್ ಕೋಶಕ್ಕೆ ಹೊಸ ಶಕ್ತಿ ಬರಬೇಕಿಲ್ಲ, ಉಳಿದವು ಸೋತರೆ ಸಾಕು.

*ಹಾಗಾದರೆ ಸ್ಟೆಮ್ ಸೆಲ್ ಇಂಜೆಕ್ಷನ್?*
"ಯೌವನ ಮರಳಿಸುವ" ಜಾಹೀರಾತುಗಳು ನಿಮ್ಮ ಮೊಬೈಲ್‌ಗೂ ಬಂದಿರಬಹುದು. ಐಸಿಎಂಆರ್‌ನ 2017ರ ಮಾರ್ಗಸೂಚಿಯ ಪ್ರಕಾರ ರಕ್ತದ ಕಾಯಿಲೆಗಳಿಗೆ ಮಾಡುವ ಮಜ್ಜೆ ಕಸಿ ಬಿಟ್ಟರೆ ಸ್ಟೆಮ್ ಸೆಲ್ ಬಳಕೆಯೆಲ್ಲ ಇನ್ನೂ ಸಂಶೋಧನೆಯೇ. ಚಿಕಿತ್ಸೆ ಎಂದು ಹಣ ಪಡೆದು ಮಾರುವಂತಿಲ್ಲ. ಇಲಿಯಲ್ಲಿ ಫಲಿಸಿದ್ದನ್ನು ಅಪ್ಪನಿಗೆ ಕೊಡಿಸಲು ಲಕ್ಷಗಟ್ಟಲೆ ಸುರಿಯಬೇಡಿ.

ಬದಲಿಗೆ ಸಿಬಿಸಿ ರಿಪೋರ್ಟ್ ನೋಡಿ. ಹಿಮೋಗ್ಲೋಬಿನ್ ಗಂಡಸರಲ್ಲಿ 13, ಹೆಂಗಸರಲ್ಲಿ 12ಕ್ಕಿಂತ ಕಡಿಮೆ ಇದ್ದರೆ "ವಯಸ್ಸಾಯ್ತಲ್ಲ" ಎಂದು ಸುಮ್ಮನಾಗಬೇಡಿ. ಮೊದಲು ಕಬ್ಬಿಣಾಂಶ, ಬಿ12, ಮೂತ್ರಪಿಂಡ ಪರೀಕ್ಷೆಯಾಗಲಿ. ಸಸ್ಯಾಹಾರಿಗಳಲ್ಲಿ ಬಿ12 ಕೊರತೆ ಬಹಳ ಸಾಮಾನ್ಯ. ಅವೆಲ್ಲ ಸರಿಯಿದ್ದೂ ಹಿಮೋಗ್ಲೋಬಿನ್ ಏರದಿದ್ದರೆ, ಜೊತೆಗೆ ಪ್ಲೇಟ್‌ಲೆಟ್ ಅಥವಾ ಬಿಳಿ ರಕ್ತಕಣ ಇಳಿದಿದ್ದರೆ, ಎಂಸಿವಿ 100 ದಾಟಿದ್ದರೆ ರಕ್ತರೋಗ ತಜ್ಞರನ್ನು, ಅಂದರೆ ಹೆಮಟಾಲಜಿಸ್ಟರನ್ನು ಕಾಣಿ. ಹೋಗುವಾಗ ಹಳೆಯ ರಿಪೋರ್ಟ್‌ಗಳನ್ನೂ ಒಯ್ಯಿರಿ. ಇಳಿಕೆ ಯಾವಾಗ ಶುರುವಾಯಿತು ಎಂಬುದು ಅವರಿಗೆ ಅವುಗಳಿಂದಲೇ ತಿಳಿಯುವುದು.